ಸಾರು ಹಾಕಿದ ವಾರ ನಾನು ಚುಚ್ಚಿಸಿಕೊಂಡ ಸೂಜಿ

ನಾನು ಕೊರೊನಾ ಸೂಜಿ ಹಾಕಿಸಿಕೊಂಡಿದ್ದನ್ನು ನಮ್ಮಣ್ಣನಿಗೆ ಹೇಳಲಿಲ್ಲ. ತಾನು ಹಾಕಿಸಿಕೊಳ್ಳಲೇ ಎಂದು ಅವನು ಕೇಳಿದ್ದಕ್ಕೆ ‘ಈಗ ಬೇಡ’ ಎಂದಿದ್ದೆ. ಶಿರಾ ತಾಲ್ಲೂಕಿನ ಬರಗೂರು ಕಡೆಯ ನನ್ನ ಜನ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ.

ಪಾವಗಡದ ರಾಯಚರ್ಲಿಗೆ ಬಂದಿಳಿದ ದಿನ ಬಸ್ಸಿನ ಕಿಟಕಿಯಿಂದ ದೊಡ್ಡದೊಂದು ಕೆರೆ ಕಂಡಿತು. ಬಿರುಬೇಸಿಗೆಯಲ್ಲಿ ಇಷ್ಟು ನೀರು ಎಲ್ಲಿಂದ ಬಂತು ಎಂದು ಬೆರಗಾದೆ. ಹತ್ತಿರ ಹೋದರೆ ಅದು ನೀರಲ್ಲ, ಗಾಜು. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಕೆಳಗೆ ನೆರಳಿದೆ, ಆದರೆ ಒಂದು ದನವೂ ಮಲಗಿಲ್ಲ. ಅಂಥ ನೆರಳನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ನನ್ನ ಗಂಡನಿಗೆ ಅಲ್ಲಿ ಕಾವಲು ಕೆಲಸ. ಹಲಗೆ ತೊಳೆಯುವ ಆಳುಗಳ ಮೆಸ್ಸಿನಲ್ಲಿ ನನಗೆ ಅಡುಗೆ.

ಶಿರಾದಿಂದ ಪಾವಗಡಕ್ಕೆ ಜಿಲ್ಲೆ ಒಂದೇ. ಮಾತು ಮಾತ್ರ ಬೇರೆ, ಇಲ್ಲಿಯದು ತೆಲುಗು ಬೆರೆತದ್ದು. ನಾನು ಮೊದಲ ದಿನ ಮುದ್ದೆ ಕಟ್ಟಿದಾಗ, ನಮಗೆ ಮನೆ ಬಾಡಿಗೆ ಕೊಟ್ಟಿದ್ದ ಲಕ್ಷ್ಮೀದೇವಮ್ಮ ಬೆರಳಲ್ಲಿ ಒತ್ತಿ ನೋಡಿದಳು.

“ಏಮಮ್ಮಾಯಿ, ಇದ್ರಾಗೆ ಬಿಯ್ಯಮ್ ಯಾಡೈತೆ?”

ಬಿಯ್ಯಮ್ ಎಂದರೆ ಅಕ್ಕಿ, ಯಾಡ ಎಂದರೆ ಎಲ್ಲಿ. ಅವರು ರಾಗಿಗೆ ಅಕ್ಕಿ ನುಚ್ಚು ಸೇರಿಸಿ ತಿರುವುತ್ತಾರೆ, ಅದಕ್ಕೆ ಸಂಗಟಿ ಎನ್ನುತ್ತಾರೆ. “ನಮ್ ಕಡೆ ಅಕ್ಕಿ ಹಾಕಿದ್ರೆ ಮುದ್ದೆಗೆ ಮರ್ಯಾದೆ ಇರಲ್ಲ ಕಣಮ್ಮ” ಎಂದೆ. “ನಿಮ್ ಮರ್ಯಾದೆ ಗಂಟಲಾಗೆ ಇಳೀಬೇಕಲ್ಲ ತಲ್ಲೀ” ಎಂದು ನಕ್ಕಳು. ತಲ್ಲಿ ಎಂದರೆ ತಾಯಿ. ಬೈಯುವಾಗಲೂ ಹಾಗೇ ಕರೆಯುತ್ತಾರೆ. ವರ್ಷ ಕಳೆಯುವುದರೊಳಗೆ ನಾನೂ ಸಂಗಟಿ ತಿರುವುತ್ತಿದ್ದೆ. ಊರಿಗೆ ಹೋದಾಗ ಮಾತ್ರ ಅದನ್ನು ಬಾಯಿಬಿಡುತ್ತಿರಲಿಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಅದನ್ನು ಎರಡೂ ಕಡೆ ಹೇಗೆ ಅರ್ಥ ಮಾಡಿಕೊಂಡರು ಎಂಬುದು ನನಗೆ ಈಗಲೂ ಸೋಜಿಗ. ನಮ್ಮೂರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ದಾರಿಗೆ ಜಾಲಿ ಮುಳ್ಳು ಎಳೆದು, “ಸಾರು ಹಾಕ್ದಂಗೆ ಕಣ್ಲಾ, ಅಷ್ಟೇಯ” ಎಂದರಂತೆ. ಸಾರು ಹಾಕುವುದೆಂದರೆ ತಮಟೆ ಬಾರಿಸಿ ಮಾರಮ್ಮನ ಹೆಸರಲ್ಲಿ ಊರಿಗೆ ಕಟ್ಟು ಹಾಕುವುದು. ಮಂಗಳವಾರದಿಂದ ಮಂಗಳವಾರದವರೆಗೆ ಊರವರು ಹೊರಗೆ ರಾತ್ರಿ ಕಳೆಯುವಂತಿಲ್ಲ, ಹೊರಗಿನವರು ಊರಲ್ಲಿ ಉಳಿಯುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಹೊಲಕ್ಕೆ ನೇಗಿಲು ಹೂಡುವಂತಿಲ್ಲ. ಕಬ್ಬಿಣ ನೆಲಕ್ಕೂ ಇಳಿಯಬಾರದು, ಮೈಗೂ ಇಳಿಯಬಾರದು ಎನ್ನುತ್ತಿದ್ದಳು ನಮ್ಮಜ್ಜಿ. ಆ ವಾರ ಕಾಲಿಗೆ ಮುಳ್ಳು ಚುಚ್ಚಿದರೂ ಪಿನ್ನು ಹಾಕಿ ತೆಗೆಯಲು ಬಿಡುತ್ತಿರಲಿಲ್ಲ.

ರಾಯಚರ್ಲಿನ ಜನಕ್ಕೆ ಗಡಿ ಎಂದರೆ ಬೇರೆಯೇ. ಅವರ ಅರ್ಧ ನೆಂಟಸ್ತನ ಆಂಧ್ರದಲ್ಲಿ. ಮಧುಗಿರಿಗೆ ಹೋಗುವ ದಾರಿಯಲ್ಲೂ ಒಂದು ತುಂಡು ಆಂಧ್ರಕ್ಕೆ ಸೇರಿದ್ದು. ರಸ್ತೆಗೆ ಮಣ್ಣು ಸುರಿದು ಅಡ್ಡ ಹಾಕಿದಾಗ ಲಕ್ಷ್ಮೀದೇವಮ್ಮ ಕೇಳಿದಳು, “ನನ್ನ ಮಗಳ ಮನೆ ಎರಡು ಹೊಲ ದಾಟಿದ್ರೆ ಸಿಗ್ತದೆ. ರೋಗಕ್ಕೆ ಯಾವ ರಾಜ್ಯ ಅಂತ ಯಾರು ಹೇಳ್ಕೊಟ್ರು?” ನಮ್ಮೂರಿನಲ್ಲಿ ಕಟ್ಟಿಗೆ ಕೈ ಮುಗಿದರು, ಇಲ್ಲಿ ಕಟ್ಟನ್ನು ಪ್ರಶ್ನೆ ಕೇಳಿದರು. ಯಾರದು ಸರಿ ಎಂದು ತಿಳಿಯದೆ ನಾನು ಇಬ್ಬರ ಮಾತಿಗೂ ತಲೆ ಆಡಿಸಿದೆ.

ಮುಂದಿನ ಬೇಸಿಗೆಗೆ ಸೂಜಿ ಬಂತು. ಮೆಸ್ಸಿನಲ್ಲಿ ಊಟಕ್ಕಿಂತ ಅದರ ವಾದವೇ ಹೆಚ್ಚು. ಒಬ್ಬ ಹುಡುಗ ಮೊಬೈಲು ತೋರಿಸಿ, “ಇದ ಹಾಕುಸ್ಕೊಂಡ್ರೆ ಮಕ್ಕಳಾಗಲ್ವಂತೆ” ಎಂದ. “ನಿನಗೆ ಹೆಣ್ಣೇ ಸಿಕ್ಕಿಲ್ಲ, ಮಕ್ಕಳ ಚಿಂತೆ ಯಾಕೋ” ಎಂದು ಇನ್ನೊಬ್ಬ ಸಾರಿನ ಸೌಟಿಗೆ ಕೈ ಚಾಚಿದ. ಸರ್ಕಾರ ಹೇಳಿದ್ದನ್ನೆಲ್ಲ ನಂಬಬೇಕೇ ಎಂದು ಒಬ್ಬ ಕೇಳಿದರೆ, ಮೊಬೈಲು ಹೇಳಿದ್ದನ್ನೆಲ್ಲ ನಂಬಬಹುದೇ ಎಂದು ಮತ್ತೊಬ್ಬ ಕೇಳುವನು. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುತ್ತಿಲ್ಲ ಎಂಬ ಸುದ್ದಿ ಬಂದರೆ ಮಾತ್ರ ಎಲ್ಲರೂ ತಟ್ಟೆ ಎತ್ತಿಕೊಂಡು ಏಳುತ್ತಿದ್ದರು.

ಆ ಹೊತ್ತಿಗೆ ನಮ್ಮೂರಿನವರು ರೋಗ ಒಳಗೆ ಬರದಿರಲೆಂದು ನಿಜವಾಗಿಯೇ ಸಾರು ಹಾಕಿದರು. ಅದೇ ವಾರ ಶಾಲೆಯಲ್ಲಿ ಸೂಜಿ ಹಾಕಲು ನರ್ಸಮ್ಮ ಬಂದರು. ಅಣ್ಣ ನನಗೆ ಫೋನು ಮಾಡಿದ. ಅವನ ಹೆಸರು ರಂಗಪ್ಪ. ಹುಣಸೆ ಮರ ಗುತ್ತಿಗೆ ಹಿಡಿದು, ತಾನೇ ಹತ್ತಿ ಕೊಂಬೆ ಅಲುಗಿಸಿ ಕಾಯಿ ಉದುರಿಸುವವನು. ಬರಗೂರು ಸುತ್ತ ಅವನು ಹತ್ತದ ಮರವಿಲ್ಲ.

“ಮನೆಮಗಳು ನೀನು. ಏನಂತೀಯವ್ವ? ಹಾಕುಸ್ಕೊಳ್ಳಲಾ?”

ನಮ್ಮಲ್ಲಿ ದೇವರ ಕಾರ್ಯದಲ್ಲಿ ಹೆಣ್ಣುಮಗಳ ಮಾತು ತೆಗೆದುಹಾಕುವುದಿಲ್ಲ. ಕೊಟ್ಟ ಮನೆಯಲ್ಲಿದ್ದರೂ ಅವಳನ್ನು ಕೇಳುತ್ತಾರೆ. ನನಗೆ ಬಹಳ ಹೆಮ್ಮೆಯಾಯಿತು. ದೂರದಲ್ಲಿದ್ದೂ ಊರು ನನ್ನ ಕೈ ತಪ್ಪಿಲ್ಲ ಅನ್ನಿಸಿತು.

“ಸಾರು ಮುಗೀಲಿ ಅಣ್ಣಯ್ಯ. ಕಟ್ಟು ಮುರಿಯೋದು ಬ್ಯಾಡ” ಎಂದೆ.

ಎರಡು ದಿನಕ್ಕೆ ನಮ್ಮ ಗುತ್ತಿಗೆದಾರ ನಲವತ್ತೈದು ವರ್ಷ ದಾಟಿದವರನ್ನೆಲ್ಲ ಸೂಜಿ ಹಾಕಿಸಲು ಜೀಪು ಹತ್ತಿಸಿದ. ನಾನೂ ಹತ್ತಿದೆ. ದಾರಿಯುದ್ದಕ್ಕೂ ಒಂದು ಲೆಕ್ಕಾಚಾರ: ಸಾರು ಊರ ಎಲ್ಲೆಯವರೆಗೆ ಮಾತ್ರ, ನಾನು ಎಲ್ಲೆಯಾಚೆ ಇರುವವಳು, ನನಗೆ ಅದು ತಾಕುವುದಿಲ್ಲ. ನಮ್ಮ ಜೊತೆಗೇ ಹೊರಟಿದ್ದ ಲಕ್ಷ್ಮೀದೇವಮ್ಮ ಪಕ್ಕದಲ್ಲಿ ಕೂತು, “ಸೂದಿ ಅಂದ್ರೆ ಭಯಮಾ?” ಎಂದಳು. ಸೂದಿ ಎಂದರೆ ಸೂಜಿ. “ಇಲ್ಲ” ಎಂದೆ. ನನ್ನ ಭಯ ಸೂಜಿಯದಲ್ಲ, ಅಣ್ಣನಿಗೆ ಗೊತ್ತಾದರೆ ಎಂಬುದು.

ಅಂದು ರಾತ್ರಿ ಜ್ವರ ಬಂದು, ಮಾರನೆಯ ದಿನ ಬಿಟ್ಟಿತು. ಕಟ್ಟು ಮುರಿದಿದ್ದಕ್ಕೆ ಮಾರಮ್ಮ ತಾಕಿದಳೇನೋ ಎಂಬ ಅನುಮಾನ ಮಾತ್ರ ಬಿಡಲಿಲ್ಲ. ಸಾರು ಮುಗಿದ ಮೇಲೆ ಅಣ್ಣ ಮತ್ತೆ ಕೇಳಿದ, “ಈಗ ಸಿರಾಕ್ಕೋಗಿ ಹಾಕುಸ್ಕೊಂಡ್ಬುಡ್ಲಾ?” ಹೂಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನನ್ನದೂ ಹೊರಗೆ ಬರುತ್ತದಲ್ಲ. “ಇನ್ನೊಂದಿಷ್ಟು ದಿನ ನೋಡಾನ” ಎಂದೆ. ಅಷ್ಟರಲ್ಲಿ ಎಲ್ಲಿ ಕೇಳಿದರೂ ಸೂಜಿ ಮದ್ದು ಖಾಲಿ ಎನ್ನತೊಡಗಿದರು.

ಆಮೇಲೆ ಅಣ್ಣನಿಗೆ ರೋಗ ಬಂತು. ಉಸಿರು ಸಿಕ್ಕಿಕೊಂಡಾಗ ಅತ್ತಿಗೆ ಆಟೋದಲ್ಲಿ ಕರೆದುಕೊಂಡು ಹೋದಳು. ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ. ಇನ್ನೊಂದರಲ್ಲಿ ಹೊರಗಿನ ಬೆಂಚಿನ ಮೇಲೆ ಕೂರಿಸಿ ಗಾಳಿಯ ಕೊಳವೆ ಹಾಕಿದರು. ಅಲ್ಲಿ ನರ್ಸುಗಳೂ ನಿಂತಲ್ಲೇ ತೂಕಡಿಸುತ್ತಿದ್ದರಂತೆ. ಬಸ್ಸಿಲ್ಲ, ದಾರಿ ಬಂದ್. ನಾನು ರಾಯಚರ್ಲಿನಲ್ಲಿ ಅನ್ನ ಬೇಯಿಸುತ್ತಿದ್ದೆ. ಫೋನಿನಲ್ಲಿ ಅತ್ತಿಗೆ, “ನಿಮ್ಮಣ್ಣ ಮಾತಾಡ್ತೀನಿ ಅಂತಾರೆ, ಉಸ್ರು ಸಾಲ್ದು” ಎಂದು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಮಾತು ಬರಲಿಲ್ಲ. ಉಸಿರೆಳೆಯುವ ಸದ್ದು ಮಾತ್ರ ಕೇಳಿಸಿಕೊಂಡೆ.

ಅವನು ಬದುಕಿದ. ಆದರೆ ಮರ ಹತ್ತುವುದು ನಿಂತುಹೋಯಿತು. ಬುಡದಿಂದ ಮೊದಲ ಕವಲಿನವರೆಗೂ ಉಸಿರು ಸಾಲದು. ಸೂಜಿ ಹಾಕಿಸಿಕೊಂಡಿದ್ದರೆ ರೋಗ ಇಷ್ಟು ಹಿಂಡುತ್ತಿರಲಿಲ್ಲವೇನೋ ಎಂದು ಒಬ್ಬ ಡಾಕ್ಟರನ್ನು ಕೇಳಿದೆ. ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಇಷ್ಟು ಆಗುವುದಿಲ್ಲ, ಆದರೆ ಒಬ್ಬರ ವಿಷಯದಲ್ಲಿ ಹೀಗೇ ಎಂದು ಹೇಳಲಾಗದು ಎಂದರು. ಆ ಉತ್ತರದಲ್ಲಿ ನನಗೆ ಬಚ್ಚಿಟ್ಟುಕೊಳ್ಳಲು ಜಾಗವಿತ್ತು. ಕೆಲವು ವರ್ಷ ಅಲ್ಲೇ ಬಚ್ಚಿಟ್ಟುಕೊಂಡಿದ್ದೆ.

ಈ ಸಲ ಹುಣಸೆ ಕಾಲಕ್ಕೆ ಊರಿಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದ. ಅದು ನಮ್ಮಲ್ಲಿ ಹೆಂಗಸರು, ವಯಸ್ಸಾದವರು ಮಾಡುವ ಕೆಲಸ. ನಾನೂ ಒಂದು ಕಲ್ಲು ತೆಗೆದುಕೊಂಡು ಎದುರು ಕೂತೆ.

“ಅಣ್ಣಯ್ಯ, ನೀನು ಫೋನ್ ಮಾಡಿದ್ಯಲ್ಲ, ಸಾರು ಹಾಕಿದ ವಾರ. ಅದೇ ವಾರ ನಾನು ಸೂಜಿ ಹಾಕುಸ್ಕೊಂಡಿದ್ದೆ.”

ಅವನು ಜಜ್ಜುವುದನ್ನು ನಿಲ್ಲಿಸಲಿಲ್ಲ. “ನೋವಾಯ್ತೇನವ್ವ?” ಎಂದ.

“ಒಂದು ದಿನ ಜ್ವರ ಬಂತು.”

“ಅಷ್ಟೇಯಾ?”

“ಅಷ್ಟೇ.”

ಬೀಜವನ್ನು ಮೊರಕ್ಕೆ ಎಸೆದ. “ಅಲ್ಲ ಕಣವ್ವ, ಸಾರು ನಿಂಗೆ ಇರ್ಲಿಲ್ವಾ?”

“ನಾನು ಆಚೆ ಇರೋಳು, ನಂಗೆ ತಾಕಲ್ಲ ಅಂದ್ಕೊಂಡೆ.”

“ಆಚೆ ಇರೋಳಾದ್ರೆ ನನ್ನ್ಯಾಕೆ ತಡದೆ?”

ಅವನು ಕೋಪದಲ್ಲಿ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದ. ರಾಯಚರ್ಲಿನವರಿಗೆ ನಾನು ಇಂದಿಗೂ ಶಿರಾದವಳು, ಊರಿನವರಿಗೆ ಪಾವಗಡದವಳು. ಎರಡೂ ಸುಳ್ಳಲ್ಲ. ನನಗೆ ಬೇಕಾದಾಗ ಬೇಕಾದ ಕಡೆ ಸೇರಿಕೊಂಡಿದ್ದೆ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ನಾನು ಕಲ್ಲು ಕೆಳಗಿಟ್ಟೆ.

“ಊರು ನನ್ನ ಮಾತು ಕೇಳ್ತದೆ ಅನ್ನೋ ದೊಡ್ಡಸ್ತಿಕೆಗೆ ತಡದೆ ಅಣ್ಣಯ್ಯ. ಆಮೇಲೆ ನಾಚಿಕೆಗೆ ಬಾಯಿ ಮುಚ್ಕೊಂಡೆ. ನಿನ್ನ ಉಸ್ರು ನಾನು ವಾಪಸ್ ಕೊಡಕಾಗಲ್ಲ. ತಪ್ಪಾಯ್ತು.”