ಅಮ್ಮ ಬಾರದ ಮನೆಗೆ ಬೇವಿನ ಸೊಪ್ಪು

ದಸರೆಯ ಹೊತ್ತಿಗೆ ಸಿಡುಬು ಎಲ್ಲೆಲ್ಲಿದೆ ಎಂದು ನೋಡಿಬರಲು ಆರೋಗ್ಯ ಇಲಾಖೆಯವರು ನನ್ನನ್ನು ಅಗ್ರಹಾರಕ್ಕೆ ಕಳಿಸಿದ್ದರು. ಒಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಂದರೆ ಒಳಗೆ ಯಾರಿಗೋ ಅಮ್ಮ ಆಗಿದೆ, ಹೊರಗಿನವರು ಬರಕೂಡದು. ಅಂಥ ಮನೆಯಲ್ಲಿ ಒಗ್ಗರಣೆಯನ್ನೂ ಹಾಕುವುದಿಲ್ಲ. ಇಲ್ಲಿ ಮನೆಯಾಕೆ ಚಕ್ಕುಲಿ ಕರಿಯುತ್ತಿದ್ದರು.

“ಯಾರಿಗಮ್ಮ ಆಗಿರೋದು?”

“ಯಾರಿಗೂ ಇಲ್ಲ ಕಣ್ರೀ. ಜಂಬೂಸವಾರಿ ನೋಡೋಕೆ ಯಜಮಾನರ ಕಡೆಯೋರು ಗಾಡಿಗಟ್ಟಲೆ ಬಂದ್ಬುಡ್ತಾರೆ. ಹೋದ್ವರ್ಷ ಬೇಯಿಸಿ ಬೇಯಿಸಿ ಹಾಸಿಗೆ ಹಿಡಿದಿದ್ದೆ. ಯಾರಿಗೂ ಹೇಳ್ಬುಡ್ಬೇಡಿ.”

“ಅಮ್ಮನ ಹೆಸರಲ್ಲಿ ಸುಳ್ಳೇ?”

“ಅವಳೂ ಹೆಂಗಸಲ್ವೇ?”

ನಾನು ಹೇಳಲಿಲ್ಲ. ಆ ದಸರೆಗೆ ಬಂದ ನೆಂಟರ ಮಕ್ಕಳಿಂದ ಸೀತಾಳೆ ಸಿಡುಬು ಬೀದಿಯ ಮನೆಮನೆಗೂ ಹರಡಿತು. ಸೊಪ್ಪಿಗೆ ಹೆದರಿ ಯಾರೂ ಕಾಲಿಡದ ಆ ಮನೆಗೆ ಅದೂ ಕಾಲಿಡಲಿಲ್ಲ.

ಮತ್ತೆ ಸಿಕ್ಕಾಗ ಆಕೆ, ಎಲ್ಲ ಅಮ್ಮನ ದಯೆ ಎಂದರು. ನಾನು ಓದಿದ ಪ್ರಕಾರ ಅದು ಬಾರದ ನೆಂಟರ ದಯೆ. ಅವರಿಗೆ ಮಾತ್ರ ಯಾರೂ ಪೂಜೆ ಮಾಡುವುದಿಲ್ಲ.