ನೂರಾ ಹದಿನೆಂಟು, ಎಪ್ಪತ್ತಾರು

ಕೈಬರಹ ನನ್ನದೇ. ಮಧ್ಯಾಹ್ನ ಎರಡು ಗಂಟೆ, ರಕ್ತದೊತ್ತಡ ೧೧೮/೭೬, ಪಕ್ಕದಲ್ಲಿ ನನ್ನ ಸಹಿ. ಅಳೆದು ಬರೆದೆನೋ, ಅಳೆಯದೆ ಬರೆದೆನೋ ಎಂಬುದಷ್ಟೇ ಪ್ರಶ್ನೆ.

ಆಗ ನಾನು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಪರೀಕ್ಷೆ ಪಾಸಾದ ಮೇಲೂ ಒಂದು ವರ್ಷ ವಾರ್ಡುಗಳಲ್ಲಿ ದುಡಿದರೇ ಪೂರ್ತಿ ಡಾಕ್ಟರು. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಹೊಕ್ಕರೆ ಹೊರಬೀಳುವುದು ಮರುದಿನ ಸಂಜೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಎರಡು ದಿನಗಳ ಎರಡು ಪಾಳಿ. ಅದರ ಪ್ರಕಾರ ನಡುವೆ ನಾನು ಮನೆಗೆ ಹೋಗಿ ಮಲಗಿ ಬಂದವನು. ಮನೆ ಕಂಪ್ಲಿಯಲ್ಲಿ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿ ನನ್ನನ್ನು ಮೂರು ವಾರದಿಂದ ಯಾರೂ ನೋಡಿರಲಿಲ್ಲ. ದಿನಕ್ಕೆ ಎಷ್ಟು ತಾಸು ನಿದ್ದೆ ಎಂದು ಕೇಳುವ ಹಾಳೆಯೊಂದು ಬಂದಾಗಲೂ ಏಳು ಎಂದು ಬರೆದವರು ನಾವೇ. ಯಾರೂ ಬಲವಂತ ಮಾಡಲಿಲ್ಲ ಎಂದು ನೆನಪು. ಹಾಗಾದರೆ ಬಲವಂತ ಮಾಡದವರ ಮುಖಗಳು ಇಷ್ಟು ಸ್ಪಷ್ಟವಾಗಿ ಯಾಕೆ ಉಳಿದಿವೆ?

ಮೊದಲ ವಾರದಲ್ಲೇ ನನ್ನ ಸೀನಿಯರ್, ಅದೇ ವಾರ್ಡಿನಲ್ಲಿ ಎಂಎಸ್ ಓದುತ್ತಿದ್ದವರು, ನಿಂತೇ ಇಡ್ಲಿ ತಿನ್ನುತ್ತ ಒಂದು ವಿದ್ಯೆ ಕಲಿಸಿದ್ದರು.

"ಪೇಷಂಟ್ ನೋಡಾಕ ಆಗ್ಲಿಲ್ಲಂದ್ರ ಚಾರ್ಟ್ ಖಾಲಿ ಬಿಡಬ್ಯಾಡ. ಆದ್ರ ನೂರಿಪ್ಪತ್ತು ಎಂಬತ್ತು ಅಂತ ಬರದ್ಯೋ, ಸಿಕ್ಕಿಬಿದ್ದಿ. ಎಲ್ಲಾ ಕಳ್ರೂ ಅದನ್ನ ಬರೀತಾರ."

"ಮತ್ತೇನು ಬರೀಲಿ ಮೇಡಂ?"

"ಸ್ವಲ್ಪ ಕುಂಟಿಸಿ ಬರಿಯಲೇ. ನಿಜ ಯಾವಾಗ್ಲೂ ಒಂಚೂರು ಕುಂಟ್ತದ."

ನಾನು ಆರಿಸಿಕೊಂಡ ಕುಂಟು ಅಂಕಿ ೧೧೮/೭೬. ನಿಜವಾಗಿ ಅಳೆದಾಗಲೂ ಅದು ಬರಬಹುದು. ಬಂದಿರಲೂಬಹುದು. ಯಾವುದು ಯಾವುದೆಂದು ಬೇರ್ಪಡಿಸುವ ದಾರಿಯನ್ನು ನಾನೇ ಅಳಿಸಿಕೊಂಡಿದ್ದೆ.

ಎರಡು ಗಂಟೆಯ ಆ ಅಂಕಿಯ ರೋಗಿ ಯಶವಂತನಗರದವನು. ಅದಿರು ಲಾರಿಯ ಹಿಂಬಾಗಿಲು ಬಿಚ್ಚುವಾಗ ಅದು ಹೊಟ್ಟೆಗೆ ಬಡಿದಿತ್ತು. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಂಡಿರಲಿಲ್ಲ. ಆದರೂ ಇಂಥವರನ್ನು ಗಂಟೆಗೊಮ್ಮೆ ನೋಡಬೇಕು. ಒಳಗೆ ರಕ್ತ ಸೋರತೊಡಗಿದರೆ ನಾಡಿ ಏರುತ್ತದೆ, ಒತ್ತಡ ಕುಸಿಯುತ್ತದೆ. ಮೂರಕ್ಕೆ ಅವನ ಹೆಂಡತಿ ಕೂಗಿಕೊಂಡಳು. ಓಡಿಹೋದೆ. ಮೈ ತಣ್ಣಗಾಗಿತ್ತು, ಮೇಲಿನ ಒತ್ತಡ ಎಪ್ಪತ್ತು. ಹೊಟ್ಟೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದಿತ್ತು. ಅರ್ಧ ತಾಸಿನಲ್ಲಿ ಅವನನ್ನು ಆಪರೇಷನ್ ಥಿಯೇಟರಿಗೆ ಒಯ್ದರು.

ಎರಡಕ್ಕೇ ಗೊತ್ತಾಗಬಹುದಿತ್ತೆ? ಆ ಒಂದು ತಾಸನ್ನು ಅವನಿಂದ ಕಸಿದವನು ನಾನೆ?

ವರಾಂಡದಲ್ಲಿ ಸೀನಿಯರ್ ನನ್ನ ತೋಳು ಹಿಡಿದರು. "ಅಳದೀನಿ ಅನ್ನು, ಮುಗೀತು. ಅಳದಿಲ್ಲ ಅಂದ್ರ ಯಾಕಂತ ಕೇಳ್ತಾರ. ಮೂವತ್ತು ತಾಸಿಂದ ಇಲ್ಲೇ ಅದೀನಿ ಅಂತಿ. ಹಾಜರಿ ಪುಸ್ತಕ ತಗದು ತೋರಿಸ್ತಾರ. ಅದ್ರಾಗ ನೀ ಮಸ್ತ್ ನಿದ್ದಿ ಹೊಡದು ಬಂದೀಯಲ್ಲಪ್ಪ!"

ನನ್ನನ್ನು ಕಾಯುತ್ತಿದ್ದರೋ, ಇಡ್ಲಿ ತಿನ್ನುತ್ತ ಕಲಿಸಿದ್ದನ್ನು ಕಾಯುತ್ತಿದ್ದರೋ? ಅವರ ಕಣ್ಣೂ ಕೆಂಪಾಗಿತ್ತು. ಕೆಂಪು ಕಣ್ಣು ಯಾವುದಕ್ಕೂ ಸಾಕ್ಷಿಯಲ್ಲ.

ಅಳೆದ ನೆನಪೂ ನನಗಿತ್ತು. ಪಟ್ಟಿ ಸುತ್ತಿದ್ದು, ಮೊಣಕೈ ಮಡಿಕೆಯಲ್ಲಿ ತೊಳೆದರೂ ಹೋಗದ ಕೆಂಪು ಧೂಳು, "ಭಾಳ ಬಿಗಿ ಆತ್ರಿ ಡಾಕ್ಟ್ರೇ" ಎಂದು ಅವನು ನಕ್ಕಿದ್ದು. ಎಲ್ಲ ಅಚ್ಚುಕಟ್ಟು. ಆದರೆ ಆ ನೆನಪಿನಲ್ಲಿ ಅವನ ತೋಳಿನ ಮೇಲೆ ಬಿಸಿಲಿದೆ. ಆ ಕಿಟಕಿ ಪೂರ್ವಕ್ಕೆ. ಎರಡು ಗಂಟೆಗೆ ಅಲ್ಲಿ ಬಿಸಿಲು ಬೀಳುವುದಿಲ್ಲ.

ಥಿಯೇಟರಿನ ಹೊರಗೆ ಅವನ ಹೆಂಡತಿ ಗಂಡನ ಚಪ್ಪಲಿಗಳನ್ನು ಕವರಿನಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಎದುರು ಕುಕ್ಕರಿಸಿದೆ.

"ಅಕ್ಕಾ, ಎರಡಕ್ಕ ನಾನು ಬಂದಿದ್ನಾ?"

"ನನ್ನ್ಯಾಕ ಕೇಳ್ತೀರಿ? ಬರಕೊಂಡೋರು ನೀವು."

"ಬರದೀನಿ. ನೋಡಿದ್ದು ನೆನಪಿಲ್ಲ."

ಅವಳು ನನ್ನನ್ನು ಒಮ್ಮೆ, ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ನೋಡಿದಳು. "ಬಂದಿದ್ರಿ. ಅಂವ ಕಣ್ಣು ಮುಚ್ಚಿದ್ದ. ಕಾಲ್ಕಡೆ ನಿಂತು ಬರದು ಹೋದ್ರಿ. ಕೈ ಮುಟ್ಟಲಿಲ್ಲ. ದೊಡ್ಡ ಡಾಕ್ಟ್ರು, ಕಣ್ಣಾಗ ನೋಡಿದ್ರ ತಿಳೀತದೇನೋ ಅಂತ ಸುಮ್ನಾದೆ." ಆಮೇಲೆ ದನಿ ತಗ್ಗಿಸಿ, "ಈಗ ಇದನ್ನ ಯಾರಿಗೂ ಹೇಳಬ್ಯಾಡ ಅನ್ನಾಕ ಬಂದೀರೇನು?"

ಇಲ್ಲ ಎಂದೆ. ಅವಳು ನಂಬಲಿಲ್ಲ. ನಂಬುವಂಥದ್ದು ನನ್ನಲ್ಲಿ ಏನಿತ್ತು?

ಅವನು ಬದುಕಿದ. ನಾಲ್ಕನೆಯ ದಿನ ಗಂಜಿ ಕುಡಿದ. ಇದರಿಂದ ನಾನು ಹಗುರಾದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆಗಲಿಲ್ಲ. ಅವನು ಬದುಕಿದ್ದು ಸರ್ಜನ್ನರ ಕೈಯಿಂದ.

ಐದನೆಯ ದಿನ ವಿಭಾಗದ ಮುಖ್ಯಸ್ಥರು ಆ ಚಾರ್ಟಿನ ಬಗ್ಗೆ ಕೇಳಲು ಕರೆಸಿದರು. ಎರಡು ಮಾತು ಹೇಳಿದೆ. ಒಂದು, ಎರಡು ಗಂಟೆಗೆ ಅಳೆಯದೆ ಬರೆದೆ. ಎರಡು, ಅಷ್ಟು ಹೊತ್ತಿಗೆ ಮೂವತ್ತು ತಾಸಿನಿಂದ ವಾರ್ಡಿನಲ್ಲೇ ಇದ್ದೆ. ಹಾಜರಿ ಪುಸ್ತಕ ಸುಳ್ಳು.

"ಎರಡ್ನೇದು ಬ್ಯಾಡ. ಅದು ಬ್ಯಾರೆ ವಿಷಯ."

"ಎರಡೂ ಒಂದ ಸರ್."

"ನೋಡು ತಮ್ಮಾ, ಅದನ್ನ ಬರದ್ರ ಎಲ್ಲಾರ್ನೂ ಕರಿಬೇಕಾಗ್ತದ. ನಿನ್ನ ಗೆಳ್ಯಾರ್ನೂ. ನಾನೂ ಹಿಂಗ ದುಡಿದಾಂವನ, ಏನಾತು? ಇರ್ಲಿ. ಇನ್ನೆರಡು ತಿಂಗಳು ಹೆಚ್ಚಿಗಿ ಮಾಡು, ಸರ್ಟಿಫಿಕೇಟ್ ತಗೋ."

ಅವರೇ ಬರೆದ ಹಾಳೆ ನನ್ನ ಕಡೆ ತಿರುಗಿತು. ಅದರಲ್ಲಿ ನನ್ನ ಮೊದಲ ಮಾತು ಮಾತ್ರ ಇತ್ತು, ಕೆಳಗೆ "ವೈಯಕ್ತಿಕ ನಿರ್ಲಕ್ಷ್ಯ" ಎಂದು. ಪೂರ್ತಿ ಓದಿದೆ. ಸಹಿ ಹಾಕಿದೆ.

ಯಾಕೆ ಹಾಕಿದೆ ಎಂದು ಯಾರಾದರೂ ಕೇಳಿದರೆ ದಣಿದಿದ್ದೆ ಎನ್ನುತ್ತ ಬಂದಿದ್ದೇನೆ. ಆದರೆ ಸಹಿಯ ಹಿಂದಿನ ದಿನ ನನಗೆ ರಜೆ. ಕಂಪ್ಲಿಗೆ ಹೋಗಿ ಹತ್ತು ತಾಸು ಮಲಗಿ, ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡು ಬಂದಿದ್ದೆ.