ಗುತ್ತಲಿನ ಮಾಳಿಗೆಯಲ್ಲಿ ಬಂಪರಿಗೆ ಬಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಡ್ಯದ ಗುತ್ತಲು ಬಡಾವಣೆಯ ಒಂದು ತಾರಸಿ ಮೇಲೆ, ತಗಡಿನ ಸೂರಿನ ಕೋಣೆಯೊಳಗೆ ನಜ್ಮುನ್ನೀಸಾ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಗೋಡೆಗೆ ಇಳಿಬಿಟ್ಟ ಹಳೆಯ ಸೀರೆಗಳನ್ನೂ ಒದ್ದೆ ಮಾಡುತ್ತಾರೆ. ಬಟ್ಟೆ ಒಣಹಾಕುವ ತಂತಿಯಲ್ಲಿ ಬಟ್ಟೆಯ ಬದಲು ಕಾರಿನ ಬಿಡಿಭಾಗಗಳು ನೇತಾಡುತ್ತಿವೆ. ಪಕ್ಕದ ಕನ್ನಡಿಗಳ ಹಿಂಬದಿಯ ಕವಚ, ಬಾಗಿಲಿನ ಹಿಡಿ, ಮೂತಿಯ ಜಾಲರಿ. ಎರಡು ಸ್ಟೂಲುಗಳ ಮೇಲೆ ಉದ್ದಕ್ಕೆ ಒಂದು ಬಂಪರು ಮಲಗಿದೆ.

"ಧೂಳು ಏಳಕ್ ಮುಂಚೆ ಹೊಡೀಬೇಕು ಕಣಮ್ಮ. ಬಿಸ್ಲು ಬಂದ್ರೆ ಗಾಳಿ ಬತ್ತದೆ, ಗಾಳಿ ಬಂದ್ರೆ ಆಲೆಮನೆ ಕರಿ ಬತ್ತದೆ. ಬಿಳಿ ಬಣ್ಣದ ಮೇಲೆ ಒಂದು ಚೂರು ಕರಿ ಕೂತ್ರೂ ಮೊದ್ಲಿಂದ ಉಜ್ಬೇಕು," ಎನ್ನುತ್ತಾರೆ.

ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿ, ಮೂಗು ಬಾಯಿ ಮುಚ್ಚುವ ದಪ್ಪ ಮುಖಗವಸು ಹಾಕಿಕೊಂಡು, ಕಂಪ್ರೆಸರ್ ಚಾಲೂ ಮಾಡುತ್ತಾರೆ. ಬಣ್ಣದ ಗನ್ನು ಕೈಗೆ ಬಂದ ಮೇಲೆ ಅವರು ಮಾತಾಡುವುದಿಲ್ಲ. ಕೈ ಬಂಪರಿನ ಒಂದು ತುದಿಯ ಆಚೆಯಿಂದ ಹೊರಟು ಇನ್ನೊಂದು ತುದಿಯನ್ನು ದಾಟಿ ನಿಲ್ಲುತ್ತದೆ. ಮಣಿಕಟ್ಟು ತಿರುಗುವುದಿಲ್ಲ, ಮೈಯೇ ಪಕ್ಕಕ್ಕೆ ಸರಿಯುತ್ತದೆ. ಮೊದಲ ಸುತ್ತು ಮಂಜಿನಷ್ಟು ತೆಳು. ಅದು ಆರುವವರೆಗೂ ಕಾದು ಎರಡನೆಯದು.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಗಂಡ ಮಕ್ಸೂದ್ ಕೂತಿದ್ದಾರೆ. ಕಣ್ಣು ಬಂಪರಿನ ಮೇಲೆ. ಬಲಗೈ ತೊಡೆಯ ಮೇಲಿದೆ, ಸುಮ್ಮನೆ ಇಟ್ಟಿದ್ದರೂ ನಡುಗುತ್ತಿದೆ.

ಮಳವಳ್ಳಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರ ಮಗಳು ನಜ್ಮುನ್ನೀಸಾ. ಚಿಕ್ಕವರಿದ್ದಾಗ ತಂದೆಯ ತಿದಿ ಒತ್ತಿದವರು. ತವರ ಕರಗಿ ತಪ್ಪಲೆಯ ಒಳಗೆ ಹೊಳಪು ಹರಡುವುದನ್ನು ಕಂಡವರು. ಮದುವೆಯಾಗಿ ಮಂಡ್ಯಕ್ಕೆ ಬಂದ ಮೇಲೆ ಸೀರೆಗೆ ಫಾಲ್ ಹೊಲಿಯುತ್ತ, ಮಗಳು ಬುಷ್ರಾಳನ್ನು ಬೆಳೆಸುತ್ತ ಕಾಲ ಕಳೆದರು. ಬಣ್ಣದ ಕೆಲಸ ಮಕ್ಸೂದ್ ಅವರದಾಗಿತ್ತು. ಬೆಂಗಳೂರು ರಸ್ತೆಯ ಗ್ಯಾರೇಜೊಂದರಲ್ಲಿ ಅವರು ಹೆಸರು ಮಾಡಿದ್ದ ಪೇಂಟರ್.

ಕೈ ನಡುಗತೊಡಗಿದ್ದನ್ನು ಮಕ್ಸೂದ್ ಮೊದಮೊದಲು ಯಾರಿಗೂ ಹೇಳಲಿಲ್ಲ. ಎರಡು ಕೈಯಲ್ಲಿ ಗನ್ನು ಹಿಡಿದು ನೋಡಿದರು. ಬಣ್ಣ ಒಂದೆಡೆ ದಪ್ಪವಾಗಿ ಕಣ್ಣೀರಿನಂತೆ ಇಳಿಯಿತು, ಇನ್ನೊಂದೆಡೆ ತೆಳ್ಳಗೆ ಉಳಿಯಿತು. ನರದ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ ಎಂದು ವೈದ್ಯರು ಹೇಳಿದರು. ಗ್ಯಾರೇಜಿನ ಮಾಲೀಕ ಕಾರು ತೊಳೆಯುವ ಕೆಲಸ ಕೊಡಲು ಬಂದಾಗ ಮಕ್ಸೂದ್ ತಮ್ಮ ಗನ್ನು ಎತ್ತಿಕೊಂಡು ಮನೆಗೆ ಬಂದರು.

"ತೊಳಿಯೋದು ಕೀಳು ಅಂತಲ್ಲ. ಅದೇ ಜಾಗ್ದಲ್ಲಿ ಇನ್ನೊಬ್ಬ ಬಣ್ಣ ಹೊಡಿಯೋದ್ನ ನೋಡ್ಕಂಡು ನಿಂತಿರ್ಬೇಕಲ್ಲ, ಅದು ಆಗ್ಲಿಲ್ಲ," ಎನ್ನುತ್ತಾರೆ ಅವರು.

ಮದ್ದೂರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಶಿವರಾಜು ಹಳೇ ಪರಿಚಯದ ಮೇಲೆ ಸಣ್ಣಪುಟ್ಟ ಸಾಮಾನು ಕಳಿಸಿದರು. ಮೊದಲ ಕನ್ನಡಿ ಕವಚವನ್ನು ಮಕ್ಸೂದ್ ಹೊಡೆದರು, ಉಜ್ಜಿದರು, ಮತ್ತೆ ಹೊಡೆದರು, ಮತ್ತೆ ಉಜ್ಜಿದರು. ಮಾರನೆಯ ದಿನ ಅವರು ಬೆಳಗಿನ ನಮಾಜಿಗೆ ಮಸೀದಿಗೆ ಹೋಗಿದ್ದಾಗ ನಜ್ಮುನ್ನೀಸಾ ಮೇಲೆ ಹತ್ತಿ ಬಂದು ಗನ್ನು ಹಿಡಿದರು.

"ಧೈರ್ಯ ಅಲ್ಲ, ಸಿಟ್ಟು ಕಣಮ್ಮ. ಅವ್ರು ಅದ್ನ ಉಜ್ಜೋದ್ ನೋಡಿ ನೋಡಿ ನಂಗೆ ಸಾಕಾಗೋಗಿತ್ತು."

ಹಿಂತಿರುಗಿ ಬಂದ ಮಕ್ಸೂದ್ ತಂತಿಯಲ್ಲಿದ್ದ ಕವಚವನ್ನು ಬೆಳಕಿಗೆ ಓರೆ ಹಿಡಿದು ನೋಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. "ಮೇಲ್ಗಡೆ ಒರಟಾಗಿ ಒಣಗ್ಬುಟ್ಟದೆ, ದೂರದಿಂದ ಹೊಡ್ದಿದ್ದೀಯ. ಇನ್ನೊಂದ್ ಹೊಡಿ, ನಾನ್ ನಿಂತ್ಕಂಡ್ ನೋಡ್ತೀನಿ," ಎಂದರಂತೆ.

ಹಾಗೆ ಶುರುವಾಯಿತು. ಆದರೆ ಸಾಮಾನು ಹೊರಹೋಗುತ್ತಿದ್ದುದು ಮಕ್ಸೂದ್ ಹೆಸರಿನಲ್ಲಿ. ಕೆಳಗೆ ಯಾರಾದರೂ ಕೂಗಿದರೆ ನಜ್ಮುನ್ನೀಸಾ ಪರದೆಯ ಹಿಂದೆ ಸರಿಯುತ್ತಿದ್ದರು. ಮಕ್ಸೂದ್ ಡಬ್ಬಿಯಲ್ಲಿ ಉಳಿದ ಬಣ್ಣಕ್ಕೆ ಬೆರಳದ್ದಿ ಅಂಗೈಗೆ ಬಳಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು. ನಡುಗುವ ಕೈ ಕಾಣದಂತೆ ಹಿಂದೆ ಕಟ್ಟಿಕೊಳ್ಳುತ್ತಿದ್ದರು. "ನಾಟ್ಕ ಆಡ್ತಿದ್ದೆ," ಎಂದು ಈಗ ಅವರೇ ಹೇಳಿ ನಗುತ್ತಾರೆ. ಆಗ ನಗು ಬರುತ್ತಿರಲಿಲ್ಲ.

ಒಂದು ಸಂಜೆ ಶಿವರಾಜು ತಾವೇ ಮನೆಗೆ ಬಂದರು. ಮದ್ದೂರಿನಲ್ಲಿ ಅಂಗಡಿಯ ಹಿಂದೆ ಬಣ್ಣದ ಶೆಡ್ಡು ಕಟ್ಟಿಸುತ್ತಿದ್ದರು. ಮಕ್ಸೂದ್ ಅದನ್ನು ನೋಡಿಕೊಳ್ಳಬೇಕು, ಇಡೀ ಕಾರುಗಳಿಗೆ ಬಣ್ಣ ಹೊಡೆಯಬೇಕು ಎಂಬುದು ಅವರ ಆಸೆ. "ಕೈ ಓಯ್ತು ಅಂತ ಆ ಗ್ಯಾರೇಜೋರು ಸುಳ್ಳೇಳ್ಕಂಡು ತಿರುಗ್ತಾವ್ರೆ ಕಣಣ್ಣ. ಈ ಬಂಪರ್ ನೋಡುದ್ರೆ ಯಾರ್ ನಂಬ್ತಾರೆ? ಮುಂದಿನ ವಾರ ಬಂದ್ಬುಡಿ," ಎಂದರು.

ಪರದೆಯ ಹಿಂದೆ ನಿಂತಿದ್ದ ನಜ್ಮುನ್ನೀಸಾಗೆ ಎಲ್ಲ ಕೇಳಿಸುತ್ತಿತ್ತು. ಗಂಡ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡರು. ಮಕ್ಸೂದ್ ಹಿಂದೆ ಕಟ್ಟಿದ್ದ ಕೈಯನ್ನು ಬಿಚ್ಚಿ ಶಿವರಾಜು ಮುಂದೆ ಚಾಚಿದರು. ಅದು ನಡುಗುತ್ತಲೇ ಇತ್ತು.

"ಅವ್ರು ಸುಳ್ಳೇಳ್ಲಿಲ್ಲ, ಸುಳ್ಳೇಳಿದ್ದು ನಾನು. ನೀವು ನೋಡ್ತಿರೋ ಬಂಪರು ನಮ್ಮನೇವ್ಳು ಹೊಡ್ದಿದ್ದು. ಒಂದು ವರ್ಸದಿಂದ ಎಲ್ಲಾ ಅವ್ಳೇ ಹೊಡ್ದಿದ್ದು."

ಶಿವರಾಜು ಸಿದ್ಧವಾಗಿದ್ದ ಸಾಮಾನು ಕಾರಿಗೆ ತುಂಬಿಕೊಂಡು, ಬತ್ತೀನಿ ಎಂದಷ್ಟೇ ಹೇಳಿ ಹೊರಟರು. ಆಮೇಲೆ ತಿಂಗಳುಗಟ್ಟಲೆ ಮದ್ದೂರಿನಿಂದ ಒಂದು ಬಾಗಿಲ ಹಿಡಿಯೂ ಬರಲಿಲ್ಲ. ಸುದ್ದಿ ಮಾತ್ರ ಗ್ಯಾರೇಜುಗಳಲ್ಲಿ ಹಬ್ಬಿತು. ಹೆಂಗಸರು ಹೊಡೆದ ಬಣ್ಣ ಮೊದಲ ಬಿಸಿಲಿಗೇ ಸಿಪ್ಪೆ ಏಳುತ್ತದೆ ಎಂದು ಆಡಿಕೊಂಡರು. ಊರಿನ ಗಿರಾಕಿಗಳೂ ಕಡಿಮೆಯಾದರು. ನಜ್ಮುನ್ನೀಸಾ ಮತ್ತೆ ಫಾಲ್ ಹೊಲಿಯಲು ಕೂತರು.

"ಯಾಕ್ ಹೇಳುದ್ರಿ ಅಂತ ಒಂದಿನ ಕೇಳ್ದೆ. ಅಷ್ಟ್ ಚೆನ್ನಾಗ್ ಹೊಡ್ದಿದ್ನ ನಂದು ಅನ್ನಕ್ ನಾಚ್ಕೆ ಆಯ್ತು ಅಂದ್ರು. ಚೆನ್ನಾಗದೆ ಅಂತ ಅವ್ರ ಬಾಯಲ್ಲಿ ನಾನ್ ಕೇಳಿದ್ದು ಅದೊಂದೇ ಸಲ."

ಆ ದಿನಗಳಲ್ಲೂ ಮಕ್ಸೂದ್ ಹೆಂಡತಿಯನ್ನು ಬೆಳಿಗ್ಗೆ ಎಬ್ಬಿಸಿ ಮೇಲೆ ಕರೆತರುತ್ತಿದ್ದರು. ಬಣ್ಣ ಕೊಳ್ಳುವ ಹಾಗಿರಲಿಲ್ಲ. ಗನ್ನಿಗೆ ನೀರು ತುಂಬಿಸಿ, ಗುಜರಿಯಿಂದ ತಂದ ಒಡಕು ಬಂಪರಿನ ಮೇಲೆ ಹೊಡೆಸುತ್ತಿದ್ದರು. ಕೈ ಮರೆಯಬಾರದು ಎನ್ನುವುದು ಅವರ ಲೆಕ್ಕ. ನೀರು ಸಮನಾಗಿ ಹರಡದೆ ಸೋರಿದರೆ ಒರೆಸಿ ಮತ್ತೆ ಹೊಡೆಯಬೇಕಿತ್ತು. "ಬರೀ ನೀರ್ಗೆ ಇಷ್ಟೊಂದ್ ಬೈತಾರಲ್ಲ ಅಂತ ಪಕ್ಕದ್ಮನೆ ಚಲುವಮ್ಮ ನಗೋರು," ಎಂದು ನಜ್ಮುನ್ನೀಸಾ ನೆನೆಯುತ್ತಾರೆ. ಕಂಪ್ರೆಸರ್ ಸದ್ದಿಗೆ ಬೇಸರಪಡದ ನೆರೆಯವರು ಈ ಚಲುವಮ್ಮ. ಅದು ಶುರುವಾದಾಗಲೇ ಅವರು ಹಾಲು ತರಲು ಹೊರಡುವುದು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಶಿವರಾಜು ಅವರ ಗೂಡ್ಸ್ ಆಟೊ ಮನೆಮುಂದೆ ನಿಂತಿತು. ತುಂಬ ಬಂಪರುಗಳಿದ್ದವು. ಜೊತೆಗೆ ಬಂದಿದ್ದ ಶಿವರಾಜು ಕೈಯಲ್ಲಿ ನಜ್ಮುನ್ನೀಸಾ ಹೊಡೆದ ಒಂದು ಕೆಂಪು ಕನ್ನಡಿ ಕವಚವಿತ್ತು. ಅದನ್ನು ಅವರು ಬೇಸಿಗೆಯಲ್ಲಿ ತಮ್ಮ ಅಂಗಡಿಯ ತಾರಸಿ ಮೇಲೆ ಇಟ್ಟು, ಬಿಸಿಲು ಮಳೆ ಎರಡನ್ನೂ ಕಾಣಿಸಿ, ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿ ನೋಡಿದ್ದರು. ಬಣ್ಣ ಎದ್ದಿರಲಿಲ್ಲ, ಮಾಸಿರಲಿಲ್ಲ.

ಈ ಬಗ್ಗೆ ಕೇಳಿದಾಗ ಶಿವರಾಜು ನೇರವಾಗಿ ಹೇಳಿದರು: "ನಾನು ನಂಬ್ಲಿಲ್ಲ ಅಂತ ನೀವಂದ್ರೂ ಸರಿ. ನಾಳೆ ಗಿರಾಕಿ ಬಂದು ಹೆಂಗಸ್ರು ಹೊಡ್ದಿದ್ದಂತಲ್ಲ ಅಂದ್ರೆ ನಾನೇನೇಳ್ಲಿ? ಈಗ ಆ ಕವಚ ಅಂಗ್ಡಿ ಬಾಗ್ಲಲ್ಲೇ ನೇತಾಕಿದ್ದೀನಿ. ಕೇಳ್ದೋರ್ಗೆ ತೋರುಸ್ತೀನಿ."

ನಜ್ಮುನ್ನೀಸಾಗೆ ಆ ವಿಷಯದಲ್ಲಿ ಇನ್ನೂ ಒಂದು ತಕರಾರಿದೆ. "ಬಿಸ್ಲಿಗಿಟ್ಟಿದ್ದೀನಿ ಅಂತ ಒಂದ್ ಮಾತ್ ಹೇಳಿದ್ರೆ ನಮ್ಗೂ ನಿದ್ದೆ ಬತ್ತಿತ್ತು."

ಶೆಡ್ಡಿಗೆ ಬಂದು ಕೆಲಸ ಮಾಡಿ ಎಂದು ಶಿವರಾಜು ಈ ಸಲ ನಜ್ಮುನ್ನೀಸಾ ಅವರನ್ನೇ ಕರೆದರು. ಅವರು ಒಪ್ಪಲಿಲ್ಲ. ಗಂಡನ ಅಂಗಿಗೆ ಗುಂಡಿ ಹಾಕಬೇಕು, ಚಹಾದ ಲೋಟ ಹಿಡಿಯಬೇಕು. ಅದಕ್ಕಿಂತ ಮುಖ್ಯವಾಗಿ, ಬಣ್ಣ ಬೆರೆಸಲು ಮಕ್ಸೂದ್ ಬೇಕು. ಅವರು ಕೂತಲ್ಲಿಂದಲೇ ಹನಿ ಕಪ್ಪು, ಚಿಟಿಕೆ ಬೆಳ್ಳಿ ಎನ್ನುತ್ತ ಹೋದಂತೆ ಇವರು ಡಬ್ಬಿಗೆ ಸುರಿಯುತ್ತಾರೆ. ಹಳೆಯ ಕಾರಿನ ಬಿಸಿಲುಂಡ ಬಣ್ಣಕ್ಕೆ ಹೊಸ ಬಂಪರು ಹೊಂದಬೇಕಾದರೆ ಡಬ್ಬಿಯ ಮೇಲಿನ ನಂಬರು ಸಾಲುವುದಿಲ್ಲ. ಹಾಗಾಗಿ ಸಾಮಾನೇ ಗುತ್ತಲಿಗೆ ಬರುತ್ತದೆ. ಮದ್ದೂರು ಬಳಿಯ ಕೊಪ್ಪದಿಂದ, ಮಳವಳ್ಳಿಯಿಂದ ಬೈಕಿನ ಹಿಂದೆ ಬಂಪರು ಕಟ್ಟಿಕೊಂಡು ಬರುವವರೂ ಇದ್ದಾರೆ.

ಬುಷ್ರಾ ಈಗ ನರ್ಸಿಂಗ್ ಓದುತ್ತಿದ್ದಾಳೆ. ತಾಯಿಯ ಮುಖಗವಸನ್ನು ಬದಲಿಸಿದ್ದು ಅವಳೇ. ಮೊದಲು ನಜ್ಮುನ್ನೀಸಾ ಬರೀ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಈಗ ಕೆಮ್ಮು ತಗ್ಗಿದೆ, ಕಣ್ಣುರಿ ಉಳಿದಿದೆ. ಏನು ಬೇಕು ನಿಮಗೆ ಎಂದು ಕೇಳಿದರೆ ಕೋಣೆಯ ಗೋಡೆಯ ಮೇಲ್ತುದಿಯತ್ತ ಬೆರಳು ತೋರುತ್ತಾರೆ. "ಅಲ್ಲೊಂದು ದೊಡ್ಡ ಫ್ಯಾನು. ಹೊಗೆಯೆಲ್ಲ ಆಚೆ ಎಳ್ಕಂಡ್ ಓಗುವಂಥದ್ದು. ಅವ್ರೂ ಇಲ್ಲೇ ಕೂತಿರ್ತಾರಲ್ಲ."

ಬಿಸಿಲೇರುವ ಹೊತ್ತಿಗೆ ಬಂಪರು ಸಿದ್ಧವಾಗಿದೆ. ಕಿಟಕಿಯ ಬೆಳಕು ಅದರ ಮೇಲೆ ಎಲ್ಲೂ ಮುರಿಯದೆ ಹರಿಯುತ್ತಿದೆ. ನನ್ನ ಕಣ್ಣಿಗೆ ಅಂಗಡಿಯ ಹೊಸ ಸಾಮಾನಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮಕ್ಸೂದ್ ಕುರ್ಚಿಯಿಂದ ಎದ್ದು ಬಗ್ಗಿ ನೋಡುತ್ತಾರೆ.

"ಎಡಗಡೆ ಅಂಚಲ್ಲಿ ಒಸಿ ದಪ್ಪ ಆಯ್ತು."

"ಗೊತ್ತು. ಹೊಡೀವಾಗ್ಲೇ ಗೊತ್ತಾಯ್ತು," ಎಂದು ನಜ್ಮುನ್ನೀಸಾ ಆಗಲೇ ಉಜ್ಜುವ ಕಾಗದವನ್ನು ನೀರಿಗೆ ಹಾಕುತ್ತಿದ್ದಾರೆ.

ನಾನು ಆ ಅಂಚನ್ನು ಹುಡುಕುತ್ತಿರುವುದು ಕಂಡು ಅವರಿಗೆ ನಗು ಬರುತ್ತದೆ. "ಬುಡಿ ಕಣಮ್ಮ, ನಿಮ್ಗ್ ಕಾಣಕಿಲ್ಲ. ಅದು ಯಾರ್ಗೂ ಕಾಣಕಿಲ್ಲ," ಎನ್ನುತ್ತಾರೆ. "ನಮ್ಮಿಬ್ರಿಗೆ ಕಾಣ್ತದೆ."